ಕೃಷ್ಣಪ್ಪನ ಎಲೆ

ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆ ಬಾಪೂಜಿ ನಗರದಲ್ಲಿ ಮಳೆ ಹಿಡಿದುಕೊಂಡಿತು. ಹಿಡಿದುಕೊಂಡಿತು ಎಂದರೆ ಬಂದು ಹೋಗುವ ಮಳೆಯಲ್ಲ. ಮೈಸೂರು ರಸ್ತೆಯ ಬಸ್ಸುಗಳು ನಾಯಂಡಹಳ್ಳಿಯ ಹತ್ತಿರ ನಿಂತಲ್ಲೇ ನಿಂತು, ರಾಜಕಾಲುವೆ ತುಂಬಿ, ಗಲ್ಲಿಯಲ್ಲಿ ನಿಲ್ಲಿಸಿದ ಸ್ಕೂಟರುಗಳ ಅರ್ಧ ಚಕ್ರ ಮುಳುಗಿ, ಕೊನೆಗೆ ಕರೆಂಟೂ ಕೈಕೊಡುವಂಥ ಮಳೆ. ಇಂಥ ಸಂಜೆ ಹೊರಗೆ ಹೋಗುವವರು ಹೋಗಲಾರರು, ಒಳಗೆ ಬಂದವರು ಏಳಲಾರರು.

ಕುಸುಮಾಳ ಮನೆಯ ನಡುಮನೆಯಲ್ಲಿ ಹಾಗೆ ಸಿಕ್ಕಿಹಾಕಿಕೊಂಡವರು ನಾಲ್ವರು. ನೆಲದ ಮೇಲೆ ಒಂಟಿ ಬರ್ನರಿನ ಗ್ಯಾಸ್ ಒಲೆ ಇಟ್ಟುಕೊಂಡು ಹಬ್ಬಕ್ಕೆ ಕಜ್ಜಾಯ ಬೇಯಿಸುತ್ತಿದ್ದರು. ಬೆಲ್ಲದ ಪಾಕದ ಹಿಟ್ಟನ್ನು ಬಾಳೆಲೆಯ ಚೂರಿನ ಮೇಲೆ ತಟ್ಟಿ ಎಣ್ಣೆಗೆ ಜಾರಿಸುವ ಕೆಲಸ ಹನುಮಕ್ಕಜ್ಜಿಯದು. ಅಜ್ಜಿ ಕುಸುಮಾಳ ತಂದೆಗೆ ಚಿಕ್ಕಮ್ಮ. ಕೆಂಗೇರಿಯಿಂದ ಬಂದಿದ್ದಳು, ಕಜ್ಜಾಯದ ಹದ ಈ ಕಡೆಯವರಿಗೆ ಯಾರಿಗೂ ಬರುವುದಿಲ್ಲವೆಂದು ಅವಳ ಖಚಿತ ಅಭಿಪ್ರಾಯ. ಬೆಂದದ್ದನ್ನು ಎರಡು ಸೌಟುಗಳ ನಡುವೆ ಒತ್ತಿ ಎಣ್ಣೆ ಹಿಂಡುತ್ತಿದ್ದವಳು ಚಿಕ್ಕಪ್ಪ ಭೈರೇಶನ ಮಗಳು ತನ್ಮಯಿ, ಡಿಗ್ರಿ ಓದುತ್ತಿರುವ ಹುಡುಗಿ. ಮಹಡಿ ಮನೆಯಲ್ಲಿ ಬಾಡಿಗೆಗಿರುವ ಮೇಧಾ ವಿಜಯನಗರದಲ್ಲಿ ಹೈಸ್ಕೂಲ್ ಟೀಚರು. ಕತ್ತಲಲ್ಲಿ ಒಬ್ಬಳೇ ಕೂರಲು ಬೇಜಾರೆಂದು ಚಾರ್ಜರ್ ಲೈಟು ಹಿಡಿದು ಕೆಳಗೆ ಬಂದಿದ್ದಳು. ನಾಲ್ಕನೆಯವಳು ಕುಸುಮಾ. ಅವಳು ಹಿಟ್ಟಿನ ಉಂಡೆ ಕಟ್ಟಿ ಕಟ್ಟಿ ಇಡುತ್ತಿದ್ದಳು.

ಅವಳ ತಂದೆ ಮುನಿವೆಂಕಟಪ್ಪ ಮನೆ ಬಿಟ್ಟು ಎರಡು ವರ್ಷ ದಾಟಿತ್ತು. ಬಿಟ್ಟು ಹೋದರು ಎನ್ನುವುದೂ ತಪ್ಪೇ. ಅವರಿಗೆ ಮರೆವು ಬಂದಿತ್ತು. ಎಂದೋ ಮುಚ್ಚಿಹೋದ ಬಿನ್ನಿಪೇಟೆಯ ಮಿಲ್ಲಿಗೆ ಹೊತ್ತಾಯಿತೆಂದು ಒಂದು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಶರ್ಟು ಹಾಕಿಕೊಂಡು ಕೂತರು. "ಇವತ್ತು ಮಿಲ್ಲಿಗೆ ರಜಾ ಕಣಪ್ಪ" ಎಂದು ಹೇಳಿ ಕುಸುಮಾ ಬಚ್ಚಲಿಗೆ ಹೋದಳು. ತಲೆ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಗೇಟು ತೆಗೆದಿತ್ತು. ಮೈಸೂರು ರಸ್ತೆಯ ಒಂದು ಅಂಗಡಿಯ ಕ್ಯಾಮೆರಾದಲ್ಲಿ ಅವರು ಬಿನ್ನಿಪೇಟೆಯ ದಿಕ್ಕಿಗೆ ಬಿರಬಿರನೆ ನಡೆದುಹೋಗುವುದು ಕಾಣಿಸಿತು, ಅದರಾಚೆ ಎಲ್ಲಿಯೂ ಕಾಣಿಸಲಿಲ್ಲ. ಪೊಲೀಸ್ ಕಂಪ್ಲೇಂಟು, ಕಂಬಕಂಬಕ್ಕೆ ಅಂಟಿಸಿದ ಫೋಟೋ, ಆಶ್ರಮ, ಆಸ್ಪತ್ರೆ, ಕೊನೆಗೆ ಶವಾಗಾರ, ಎಲ್ಲವೂ ಆದವು.

ಮೊದಮೊದಲು ಕುಸುಮಾ ಅತ್ತಳು. ಆಮೇಲೆ ಅಳು ನಿಂತಿತು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎದೆ ಹಾರುತ್ತಿದ್ದ ದಿನಗಳೂ ಕಳೆದವು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಆಫೀಸಿಗೆ ಹೋಗುತ್ತಾಳೆ, ಬರುತ್ತಾಳೆ, ಅನ್ನ ಮಾಡುತ್ತಾಳೆ, ಉಣ್ಣುತ್ತಾಳೆ. ಒಳಗೆ ಏನೋ ಮರಗಟ್ಟಿದೆ ಎಂದು ಅವಳಿಗೇ ಗೊತ್ತು, ಅದರ ಬಗ್ಗೆ ಬೇಸರವೂ ಆಗದಷ್ಟು ಮರಗಟ್ಟಿದೆ.

ಮಳೆ ಶುರುವಾಗುವ ಮೊದಲು ಚಿಕ್ಕಪ್ಪ ಭೈರೇಶ್ ಫೋನ್ ಮಾಡಿದ್ದರು. "ನಾಳೆ ಎಡೆ ಹಾಕೋವಾಗ ಅಣ್ಣಂಗೂ ಒಂದು ಎಲೆ ಹಾಕಣ ಕಣಮ್ಮ. ಎಷ್ಟು ವರ್ಷ ಅಂತ ಹಿಂಗೇ ಬಿಡೋದು? ನೀನು ಮಗಳು, ನೀನು ಹೂಂ ಅನ್ನದೆ ನಾನು ಹಾಕಲ್ಲ. ರಾತ್ರಿಯೊಳಗೆ ಒಂದ್ಮಾತು ಹೇಳ್ಬಿಡು" ಎಂದಿದ್ದರು. ಎಡೆ ಹಾಕುವುದೆಂದರೆ ಸತ್ತವರ ಹೆಸರಿನಲ್ಲಿ ಎಲೆ ಬಡಿಸುವುದು. ಹಾಕಿದರೆ ಅಪ್ಪ ಸತ್ತರು. ಹಾಕದಿದ್ದರೆ ಅಪ್ಪ ಎಲ್ಲಿಯೂ ಇಲ್ಲ.

"ಅಜ್ಜಿ, ನೀವೇ ಹೇಳ್ಬಿಡಿ. ಹಾಕ್ಸಲಾ, ಬೇಡ್ವಾ?" ಎಂದು ಕುಸುಮಾ ಕೇಳಿದಳು. ಕೇಳಿದ ದನಿ ನಾಳೆ ತಿಂಡಿಗೇನು ಎಂದು ಕೇಳುವವರ ದನಿಯಂತೆ ಇತ್ತು. ತನ್ಮಯಿಯ ಸೌಟು ನಿಂತಿತು.

ಅಜ್ಜಿ ಬಾಣಲೆಯಲ್ಲಿದ್ದ ಕಜ್ಜಾಯವನ್ನು ಮಗುಚಿದಳು. ಕೆಂಪಗಾಗುವ ತನಕ ಕಾದಳು. ತೆಗೆದು ತನ್ಮಯಿಯ ಸೌಟಿಗೆ ಹಾಕಿ, ಒಲೆ ಸಣ್ಣ ಮಾಡಿ, ಗೋಡೆಗೆ ಬೆನ್ನು ಕೊಟ್ಟಳು.

"ಹಾಕ್ಸು ಅಂತ್ಲೂ ಹೇಳಲ್ಲ, ಬೇಡ ಅಂತ್ಲೂ ಹೇಳಲ್ಲ. ನಮ್ಮನೇಲಿ ಏನಾಯ್ತು ಅಂತ ಹೇಳ್ತೀನಿ, ಕೇಳ್ಕೊ. ಆಮೇಲೆ ನಿನ್ನಿಷ್ಟ... ಏ ಮೇಷ್ಟ್ರಮ್ಮ, ಆ ಲೈಟು ನನ್ನ ಮುಖಕ್ಕೆ ಹಿಡೀಬೇಡ, ಆ ಕಡೆ ತಿರುಗ್ಸು. ಹಾಂ.

"ಕೆಂಗೇರಿ ಅಂದ್ರೆ ಈಗಿನ ಕೆಂಗೇರಿ ಅಲ್ಲ ಕಣವ್ವಾ. ಆಗ ಅದು ಬೆಂಗ್ಳೂರಲ್ಲ, ಅದ್ರ ಪಾಡಿಗೆ ಅದೊಂದು ಊರು. ಕೋಟೆ ಬೀದಿ, ಪೇಟೆ ಬೀದಿ, ಒಂದು ರೈಲ್ವೆ ಸ್ಟೇಷನ್ನು, ಕೆರೆ, ವಾರಕ್ಕೊಂದು ಸಂತೆ... ಮುಗೀತು. ಯಾರ ಮನೇಲಿ ಯಾವ ಒಗ್ಗರಣೆ ಬಿತ್ತು ಅಂತ ಬೀದಿಗೆಲ್ಲ ಗೊತ್ತಾಗೋದು. ಅಂಥ ಊರಲ್ಲಿ ಒಬ್ಬ ಗಂಡಸು ಹಾಡುಹಗಲಲ್ಲಿ ಕಾಣೆಯಾಗಕ್ಕಾಗುತ್ತಾ? ನೀವೇ ಹೇಳಿ, ಆಗುತ್ತಾ? ನಮ್ಮ ಮೈದುನ ಆದ.

"ಕೃಷ್ಣಪ್ಪ ಅಂತ. ನಮ್ಮ ಯಜಮಾನ್ರಿಗೆ ತಮ್ಮ. ಕುಡೀತಿರ್ಲಿಲ್ಲ, ಇಸ್ಪೀಟು ಮುಟ್ತಿರ್ಲಿಲ್ಲ, ಇದ್ದಿದ್ದೊಂದೇ ಚಟ, ಬೀಡಿ. ಅವ್ನ ಹೆಂಡ್ತಿ ವೆಂಕಟಲಕ್ಷ್ಮಮ್ಮ, ನನ್ನ ಓರಗಿತ್ತಿ, ಮದ್ವೆಯಾಗಿ ಬಂದು ಇನ್ನೂ ಅರಿಶಿನ ಆರಿರ್ಲಿಲ್ಲ ಅನ್ನು. ಸಂತೆ ದಿನ ಹಗ್ಗ ತರ್ತೀನಿ ಅಂತ ಸೈಕಲ್ ಹತ್ತಿದ. 'ಅತ್ಗೆ, ಹುಚ್ಚೆಳ್ಳು ಚಟ್ನಿ ಅರೆದಿಟ್ಟಿರಿ, ಬಂದು ಉಣ್ತೀನಿ' ಅಂತ ನಂಗೆ ಹೇಳಿ ಹೋದ. ಅರೆದೆ. ಸಂಜೆ ಆಯ್ತು. ಚಟ್ನಿ ಮೇಲೆ ತಟ್ಟೆ ಮುಚ್ಚಿಟ್ಟೆ. ಬೆಳಿಗ್ಗೆ ಅದು ಹಳಸಿತ್ತು... ಅವ್ನು ಬಂದಿರ್ಲಿಲ್ಲ.

"ಸೈಕಲ್ ಕೆರೆ ಏರಿ ಮೇಲೆ ಸಿಕ್ತು. ಮರಕ್ಕೆ ಒರಗ್ಸಿ, ನೀಟಾಗಿ ಬೀಗ ಹಾಕಿ ನಿಲ್ಸಿತ್ತು. ಕೆರೆಗೆ ಬೀಳಕ್ಕೆ ಹೋಗೋನು ಸೈಕಲ್‌ಗೆ ಬೀಗ ಹಾಕ್ತಾನಾ? ಓಡಿ ಹೋಗೋನು ಸೈಕಲ್ ಬಿಟ್ಟು ಹೋಗ್ತಾನಾ? ಇದೊಂದು ಪ್ರಶ್ನೆ ಹಿಡ್ಕೊಂಡು ಊರಿಗೆ ಊರೇ ಎಷ್ಟೋ ವರ್ಷ ಎಲೆಅಡಿಕೆ ಜಗಿದ್ಬಿಡ್ತು. ಮೀನು ಹಿಡಿಯೋರು ಕೆರೆಗೆ ಬಲೆ ಹಾಕಿ ಜಾಲಾಡಿದ್ರು. ಹಳೇ ಕೊಡ ಸಿಕ್ತು, ಚಪ್ಪಲಿ ಸಿಕ್ತು, ಅವ್ನು ಸಿಗ್ಲಿಲ್ಲ. ಒಬ್ರು ರಾಮನಗರದ ರೇಷ್ಮೆ ಮಾರ್ಕೆಟ್ಟಲ್ಲಿ ನೋಡಿದ್ವಿ ಅನ್ನೋರು. ನಮ್ಮ ಯಜಮಾನ್ರು ಬಸ್ ಹತ್ತಿ ಹೋಗೋರು, ಮೋರೆ ಇಳಿಬಿಟ್ಕೊಂಡು ವಾಪಸ್ ಬರೋರು. ಇನ್ನೊಬ್ರು ಚನ್ನಪಟ್ಟಣ ಅನ್ನೋರು. ಅಲ್ಲಿಗೂ ಹೋಗೋರು. ಸಂಜೆ ಹೊತ್ತು ಕೆರೆ ಏರಿ ಮೇಲೆ ಬೀಡಿ ವಾಸ್ನೆ ಬರುತ್ತೆ ಅಂತ ಹೆಂಗಸ್ರು ಆ ಕಡೆ ನೀರಿಗೆ ಹೋಗೋದು ಬಿಟ್ರು."

"ಮನೇಲಿ ಜಗಳ ಏನಾದ್ರೂ ಆಗಿತ್ತಾ ಅಜ್ಜಿ?" ಎಂದಳು ಮೇಧಾ.

"ಪೊಲೀಸಪ್ಪನೂ ಅದನ್ನೇ ಕೇಳಿದ್ದು. ಇಲ್ಲ ಅಂದ್ರೆ ನಂಬೋರು ಯಾರು? ಅಂಗಡಿ ಕಟ್ಟೆ ಮೇಲೆ ಕೂತೋರೆಲ್ಲ ಸೇರಿ ಆ ಹುಡುಗಿ ತಲೆಗೆ ಕಟ್ಟಿದ್ರು. ಇವ್ಳು ಏನೋ ಅಂದಿರ್ಬೇಕು, ಅದಕ್ಕೇ ಅವ್ನು ಹೋದ... ಹಿಂಗೆ. ವೆಂಕಟಲಕ್ಷ್ಮಮ್ಮ ಯಾರ ಮಾತಿಗೂ ಉತ್ತರ ಕೊಡ್ಲಿಲ್ಲ. ಕುಂಕುಮ ಇಡ್ತಿದ್ಲು, ಬಳೆ ತೊಡ್ತಿದ್ಲು, ರಾತ್ರಿ ಒಂದು ಮುದ್ದೆ ಮುಚ್ಚಿಡ್ತಿದ್ಲು, ಬೆಳಿಗ್ಗೆ ಅದನ್ನ ಎಮ್ಮೆಗೆ ಹಾಕ್ತಿದ್ಲು. ಮೊದ್ಲು ಅಳ್ತಿದ್ಲು, ಆಮೇಲೆ ಅದೂ ಇಲ್ಲ. ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ. ಈಗ ನೀನಿಲ್ವಾ ಕುಸುಮಾ, ಹಂಗೇ."

ಕುಸುಮಾ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಉಂಡೆಯನ್ನು ಇನ್ನೂ ದುಂಡಗೆ ಮಾಡಿದಳು. ಕೃಷ್ಣಪ್ಪನ ಹೆಸರು ಅವಳು ಚಿಕ್ಕಂದಿನಲ್ಲಿ ಕೇಳಿದ್ದಳು. ಕೆಂಗೇರಿ ಮನೆಯಿಂದ ಒಬ್ಬರು ಹೊರಟುಹೋದರು ಎಂದಷ್ಟೇ ಅವಳಿಗೆ ಗೊತ್ತಿತ್ತು.

"ನಮ್ಮತ್ತೆ ಅಣ್ಣಮ್ಮ, ಕೃಷ್ಣಪ್ಪನ ತಾಯಿ... ಅವ್ರಿಗೆ ಒಂದೇ ಚಿಂತೆ. ಮಗ ಸತ್ನಾ ಬದುಕಿದಾನಾ ಅನ್ನೋದಲ್ಲ. ಉಂಡ್ನಾ ಇಲ್ವಾ ಅನ್ನೋದು. ಹಬ್ಬ ಬಂದ್ರೆ ಒಬ್ಬಟ್ಟಿನ ಮುಂದೆ ಕೂತು ಕಣ್ಣೀರು ಹಾಕೋರು. ಹೀಗೇ ನಡೀತು... ಒಂದು ವರ್ಷ ಮಾಲಯ ಅಮಾಸೆ ಹತ್ರ ಬಂದಾಗ ಅತ್ತೆ ಹೇಳಿದ್ರು, 'ಈ ಸಲ ಅವ್ನಿಗೂ ಎಲೆ ಹಾಕ್ತೀನಿ. ಬದುಕಿದ್ರೆ ಎಲ್ಲೋ ಯಾರೋ ಪುಣ್ಯಾತ್ಮರು ಒಂದು ತುತ್ತು ಹಾಕ್ತಾರೆ. ಸತ್ತಿದ್ರೆ ನಾವು ಹಾಕ್ದೆ ಯಾರು ಹಾಕ್ತಾರೆ?'

"ತಪ್ಪಾ ಹೇಳಿ? ಹೆತ್ತ ಕರುಳು. ಯೋಚ್ನೆ ಸರಿಯಾಗೇ ಇದೆ ಅಂತ ನಮಗೆಲ್ಲ ಅನ್ಸಿದ್ದು. ಬದುಕಿರೋನ ಹೆಸ್ರಲ್ಲಿ ಎಡೆ ಹಾಕಿದ್ರೆ ಏನಾಗುತ್ತೆ ಅಂತ ಯಾರು ಯೋಚ್ನೆ ಮಾಡಿದ್ರು? ಯಾರೂ ಮಾಡ್ಲಿಲ್ಲ. ಹೆಚ್ಚೆಂದ್ರೆ ಒಂದೆಲೆ ಅನ್ನ ದಂಡ ಅಂದ್ಕೊಂಡ್ವಿ. ವೆಂಕಟಲಕ್ಷ್ಮಮ್ಮ ಒಬ್ಳು ಬೇಡ ಅಂದ್ಲು. ಬೇಡ ಅತ್ತೆ ಅಂದ್ಲು, ಅಷ್ಟೇ. ಯಾಕೆ ಅಂತ ಅವ್ಳಿಗೂ ಹೇಳಕ್ಕೆ ಗೊತ್ತಾಗ್ಲಿಲ್ಲ.

"ನಮ್ಮ ಕಡೆ ಎಡೆ ಹೆಂಗೆ ಅಂದ್ರೆ ಮೇಷ್ಟ್ರಮ್ಮ..."

"ನಮ್ಮಲ್ಲಿ ಕಾಗೆಗೆ ಇಡ್ತೀವಿ ಅಜ್ಜಿ," ಎಂದಳು ಮೇಧಾ.

"ನಿಮ್ಮೋರು ಕಾಗೆ ಕೈಲಿ ಕಳಿಸ್ತೀರ, ನಮ್ಮೋರು ಮನೆಗೇ ಬಂದು ಉಣ್ತಾರೆ. ನಡುಮನೇಲಿ ಸಾಲಾಗಿ ಎಲೆ ಹಾಕೋದು. ಮುದ್ದೆ, ಹುರುಳಿ ಸಾರು, ಕೋಳಿ, ಕಜ್ಜಾಯ, ವಡೆ, ಹೊಸ ಪಂಚೆ, ಸೀರೆ... ಸತ್ತೋರಿಗೆ ಏನಿಷ್ಟಾನೋ ಅದು. ಬೀಡಿ ಸೇದೋರಿಗೆ ಬೀಡಿ, ಕುಡಿಯೋರಿಗೆ ಶೀಶೆ. ಸಾಂಬ್ರಾಣಿ ಹೊಗೆ ಹಾಕಿ, ಕಾಯಿ ಒಡೆದು, ಕೈಮುಗಿದು, ಎಲ್ರೂ ಹೊರಗೆ ಬಂದು ಬಾಗ್ಲು ಮುಚ್ಚಿಬಿಡೋದು. ಉಣ್ಣೋರ ಬಾಯಿ ನೋಡ್ಬಾರ್ದಲ್ಲ? ಅವ್ರು ಉಣ್ಣೋ ತನಕ ಅಂಗಳದಲ್ಲಿ ಯಾರೂ ಮಾತಾಡಂಗಿಲ್ಲ. ಆಮೇಲೆ ಹಿರಿಯೋರು ಯಾರಾದ್ರೂ ಕೆಮ್ಮಿ, ಬಾಗ್ಲು ತಟ್ಟಿ, ಬರ್ತಾ ಇದೀವಿ ಅಂತ ಗೊತ್ತು ಮಾಡಿ ಒಳಗೆ ಹೋಗೋದು. ಅಲ್ಲಿ ಏನಿರುತ್ತೆ? ಇಟ್ಟಿದ್ದು ಇಟ್ಟಂಗೇ ಇರುತ್ತೆ. ಮುದ್ದೆ ಮೇಲೆ ಒಂದು ಬಿರುಕು ಕಂಡ್ರೆ ಬೆರಳಿನ ಗುರುತು ಅಂತ ತೋರ್ಸಿ ಸಮಾಧಾನ ಮಾಡ್ಕೊಳೋದು, ಆಮೇಲೆ ನಾವೇ ಹಂಚ್ಕೊಂಡು ತಿನ್ನೋದು. ತಲತಲಾಂತರದಿಂದ ಹಿಂಗೇ.

"ಆ ಅಮಾಸೆ ದಿನ ಮಧ್ಯಾಹ್ನ, ಕೊನೆ ಎಲೆ ಕೃಷ್ಣಪ್ಪಂದು. ಹುಚ್ಚೆಳ್ಳು ಚಟ್ನಿ ನಾನೇ ಅರೆದಿದ್ದೆ. ಬಾಗ್ಲು ಮುಚ್ಚಿದ್ವಿ. ಅಂಗಳದಲ್ಲಿ ನಿಂತ್ವಿ. ಬಿಸ್ಲು ಅಂದ್ರೆ ಬಿಸ್ಲು, ಎಮ್ಮೆ ಬಾಲ ಕೂಡ ಅಲ್ಲಾಡ್ತಿರ್ಲಿಲ್ಲ. ಒಳಗೆ ಸದ್ದು ಬಂತಾ ಅಂತ ಆಮೇಲೆ ಎಷ್ಟೋ ಜನ ಕೇಳಿದ್ರು. ಬರ್ಲಿಲ್ಲ. ಏನೂ ಬರ್ಲಿಲ್ಲ. ಅತ್ತೆ ಕೆಮ್ಮಿದ್ರು, ಬಾಗ್ಲು ತಟ್ಟಿದ್ರು, ತೆಗೆದ್ರು...

"ಮಾವನ ಎಲೆ ಹಂಗೇ ಇತ್ತು. ಅಜ್ಜನ ಎಲೆ ಹಂಗೇ ಇತ್ತು. ಕೃಷ್ಣಪ್ಪನ ಎಲೆ ಮಡಚಿತ್ತು. ಮಡಚಿದ ಎಲೆ ಮೇಲೆ ನೀರಿನ ಚೊಂಬು ಇಟ್ಟಿತ್ತು. ಹಂಗೆ ಎಲೆ ಮೇಲೆ ಚೊಂಬು ಇಟ್ಟು ಏಳೋನು ನಮ್ಮನೇಲಿ ಅವನೊಬ್ನೇ, ಅದಕ್ಕೆ ಮಾವನ ಕೈಲಿ ಎಷ್ಟು ಸಲ ಬೈಸ್ಕೊಂಡಿದ್ದ. ಚೊಂಬು ಎತ್ತಿ ಎಲೆ ಬಿಚ್ಚಿದ್ರೆ... ಒಂದು ಅಗುಳು ಉಳಿದಿರ್ಲಿಲ್ಲ. ಚಟ್ನಿ ಇದ್ದ ಕಡೆ ಬೆರಳಲ್ಲಿ ಬಳಿದು ನೆಕ್ಕಿದ ಗೆರೆ.

"ಅತ್ತೆ ಅಲ್ಲೇ ಕುಸಿದ್ರು. ಉಂಡ, ನನ್ನ ಮಗ ಉಂಡ ಅಂತ ಅಳ್ತಾ ನಗ್ತಾ... ಇನ್ನೇನು ಬೇಕು ಸಾಕ್ಷಿ? ಸತ್ತಿದಾನೆ, ಅದಕ್ಕೇ ಬಂದ, ಉಂಡ. ಊರಿಗೆಲ್ಲ ನೆಮ್ಮದಿ ಆಗೋಯ್ತು. ಆ ಸಂಜೆ ವೆಂಕಟಲಕ್ಷ್ಮಮ್ಮನ್ನ ಕೂರ್ಸಿ ಬಳೆ ಒಡೆದ್ರು. ಅವ್ಳು ಕೈ ಚಾಚಿದ್ಲು, ಒಡೆಸ್ಕೊಂಡ್ಲು, ಎದ್ದು ಹೋಗಿ ಎಮ್ಮೆ ಹಾಲು ಕರೆದ್ಲು. ಒಂದು ಹನಿ ಕಣ್ಣೀರಿಲ್ಲ. ಕಲ್ಲೆದೆ ಅಂದ್ರು ಜನ. ಜನಕ್ಕೇನು!"

ಅಜ್ಜಿ ಒಲೆ ಆರಿಸಿದಳು. ಹಿಟ್ಟು ಇನ್ನೂ ಉಳಿದಿತ್ತು, ಆದರೆ ಯಾರೂ ಅದನ್ನು ನೆನಪಿಸಲಿಲ್ಲ. ಗಲ್ಲಿಯಲ್ಲಿ ಯಾರೋ ಸ್ಕೂಟರು ನೂಕಿಕೊಂಡು ಹೋಗುತ್ತಾ ಬಿಬಿಎಂಪಿಯವರ ಮನೆಮಂದಿಯನ್ನೆಲ್ಲ ಬೈಯುತ್ತಿದ್ದರು. ಅವರು ದೂರ ಹೋಗುವ ತನಕ ಅಜ್ಜಿ ಕಾದಳು.

"ಬೇಸಿಗೇಲಿ ಕೃಷ್ಣಪ್ಪ ಬಂದ.

"ಹೆದರ್ಬೇಡ ತನ್ಮಯಿ, ಹಂಗೆ ಬರ್ಲಿಲ್ಲ. ರೈಲು ಇಳಿದು, ಪೇಟೆ ಬೀದಿ ಉದ್ದಕ್ಕೂ ಎಲ್ರ ಕಣ್ಣೆದುರಿಗೆ ನಡ್ಕೊಂಡು ಬಂದ. ನೆರಳು ಬೀಳ್ತಿತ್ತು, ಕಾಲು ಮುಂದಕ್ಕೇ ಇತ್ತು, ಮೈ ಬೆವರ್ತಿತ್ತು. ಮುಟ್ಟಿ ನೋಡಿದ್ವಿ, ಬೆಚ್ಚಗಿದ್ದ. ನೂರಕ್ಕೆ ನೂರು ಬದುಕಿರೋ ಮನುಷ್ಯ. ಅತ್ತೆ ಕೆನ್ನೆಗೆ ಹೊಡೆದು, ತಬ್ಕೊಂಡು, 'ಎಲ್ಲಿಗೆ ಹೋಗಿದ್ಯೋ' ಅಂದ್ರು. ಅವ್ನು ಹೇಳ್ತಾನೆ, 'ಸುಮ್ನೆ ಹೋದೆ ಕಣವ್ವ.'

"ಸುಮ್ನೆ! ಕೆರೆ ಏರಿ ಮೇಲೆ ಕೂತಿದ್ನಂತೆ. ಗೂಡ್ಸ್ ಗಾಡಿ ನಿಧಾನಕ್ಕೆ ಹೋಗ್ತಿತ್ತಂತೆ. ಹತ್ಬೇಕು ಅನ್ಸ್ತಂತೆ, ಹತ್ತಿದ್ನಂತೆ. ಹೊಸೂರು ಕಡೆ ಎಲ್ಲೋ ಕಲ್ಲು ಕ್ವಾರಿಲಿ ಕೆಲ್ಸ. ಜಗಳ ಇಲ್ಲ, ಇನ್ನೊಬ್ಳು ಇಲ್ಲ, ಏನೂ ಇಲ್ಲ. ಊರೆಲ್ಲ ಅಷ್ಟು ವರ್ಷ ತಲೆ ಕೆಡಿಸ್ಕೊಂಡಿದ್ದಕ್ಕೆ ಸಿಕ್ಕ ಉತ್ತರ ಇಷ್ಟು. ನಂಗಂತೂ ಸಿಟ್ಟು ಬಂತು, ಸೌಟಲ್ಲಿ ನಾಲ್ಕು ಬಾರಿಸ್ಬೇಕು ಅನ್ಸ್ತು."

'ಸುಮ್ನೆ' ಎಂಬ ಮಾತು ಕುಸುಮಾಗೆ ಎಲ್ಲೋ ತಾಗಿತು. ಅಪ್ಪ ನಡೆದುಹೋಗುವ ವೀಡಿಯೋವನ್ನು ಅವಳು ಎಷ್ಟು ಸಲ ನೋಡಿದ್ದಳೋ. ಅದರಲ್ಲಿ ಅವರು ಒಮ್ಮೆಯೂ ಹಿಂದೆ ತಿರುಗಿ ನೋಡುವುದಿಲ್ಲ.

"ಆಮೇಲೆ ಯಾಕೆ ವಾಪಸ್ ಬಂದ್ರು?" ಎಂದು ಕೇಳಿದಳು. ಅಜ್ಜಿ ಕಥೆ ಶುರು ಮಾಡಿದ ಮೇಲೆ ಅವಳು ಆಡಿದ ಮೊದಲ ಮಾತು ಅದು.

"ಹಸಿವಾಯ್ತು, ಅದಕ್ಕೆ ಬಂದೆ ಅಂದ. ನಾವು ನಕ್ವಿ. ಅವ್ನು ನಗ್ಲಿಲ್ಲ. ನಮ್ಮತ್ತೆ ಕೈ ಹಿಡ್ಕೊಂಡು ಹೇಳಿದ... 'ಅವ್ವಾ, ಹೋದ ಮಾಲಯ ಅಮಾಸೆ ದಿನ ಮಧ್ಯಾಹ್ನ ಬಂಡೆ ಮೇಲೆ ಕೂತಿದ್ದೆ. ಬಾಯಲ್ಲಿ ಹುಚ್ಚೆಳ್ಳು ಚಟ್ನಿ ರುಚಿ ಬಂತು. ಮುದ್ದೆ ನುಂಗಿದಂಗಾಯ್ತು. ಹೊಟ್ಟೆ ತುಂಬೋಯ್ತು, ತೇಗೂ ಬಂತು. ಸಂಜೆ ಬುತ್ತಿ ಬಿಚ್ಚಿದ್ರೆ ತುತ್ತು ಗಂಟಲಲ್ಲಿ ಇಳೀಲಿಲ್ಲ. ಅವತ್ತಿಂದ ಇಳಿದಿಲ್ಲ. ಹಸಿವಾಗುತ್ತೆ, ಬಾಳ ಹಸಿವಾಗುತ್ತೆ, ಯಾರು ಏನು ಕೊಟ್ರೂ ಇಳಿಯಲ್ಲ. ಸೊರಗೋದೂ ಇಲ್ಲ, ಸಾಯೋದೂ ಇಲ್ಲ. ಈ ಮನೆ ನೆನಸ್ಕೊಂಡ್ರೆ ಮಾತ್ರ ಬಾಯಲ್ಲಿ ನೀರು ಬರುತ್ತೆ.'

"ಆಗ ನಾವು ಒಬ್ರ ಮುಖ ಒಬ್ರು ನೋಡ್ಕೊಂಡ್ವಿ. ನೋಡದೆ ಇರಕ್ಕಾಗುತ್ತಾ?

"ಮಣೆ ಹಾಕಿ ಕೂರ್ಸಿ ಬಡಿಸಿದ್ವಿ. ತುತ್ತು ಮಾಡ್ದ, ಬಾಯಿಗಿಟ್ಟ, ಅಗಿದ. ಅಗಿದು ಅಗಿದು ಕಣ್ಣಲ್ಲಿ ನೀರು ಬಂತೇ ಹೊರತು ಇಳೀಲಿಲ್ಲ, ಉಗಿದ. ಗಂಜಿ ಕೊಟ್ವಿ, ಹಾಲು ಕೊಟ್ವಿ. ಡಾಕ್ಟ್ರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ ಏನೂ ಇಲ್ಲ ಅಂದ್ರು, ಟಾನಿಕ್ ಬರ್ಕೊಟ್ರು. ಟಾನಿಕ್ಕೂ ಇಳೀಲಿಲ್ಲ. ಹೊತ್ತುಹೊತ್ತಿಗೆ ನಾವು ಉಣ್ಣೋವಾಗ ಅವ್ನು ಎದುರಿಗೆ ಕೂತು ನಮ್ಮ ಕೈಯನ್ನೇ ನೋಡೋನು. ಎಲೆಯಿಂದ ಬಾಯಿಗೆ, ಬಾಯಿಂದ ಎಲೆಗೆ... ನಾವೂ ಉಣ್ಣೋದು ಬಿಟ್ವಿ ಅನ್ನು.

"ವೆಂಕಟಲಕ್ಷ್ಮಮ್ಮಂಗೆ ಗೊತ್ತಾಗಿದ್ದು ಮೊದ್ಲು. ಒಂದಿನ ಸಂಜೆ ಯಾರಿಗೂ ಹೇಳ್ದೆ ಹಿಂದ್ಗಡೆ ರೂಮಲ್ಲಿ ಎಲೆ ಹಾಕಿದ್ಲು. ಸಾಂಬ್ರಾಣಿ ಹಾಕಿದ್ಲು, ಕಾಯಿ ಒಡೆದ್ಲು. ಗಂಡನ್ನ ಕೈ ಹಿಡಿದು ಒಳಗೆ ಕೂರ್ಸಿ, ಎದುರಿಗೆ ನಿಂತು ಅವ್ನಿಗೇ ಕೈಮುಗಿದ್ಲು. ಸತ್ತೋರಿಗೆ ಮುಗಿದಂಗೆ. ಹೊರಗೆ ಬಂದು ಬಾಗ್ಲು ಮುಚ್ಚಿದ್ಲು. ನಾನು ಅಡಿಗೆಮನೆ ಬಾಗ್ಲಲ್ಲಿ ನಿಂತು ನೋಡ್ತಿದೀನಿ. ಬಾಯಿಗೆ ಸೆರಗು ಅಡ್ಡ ಇಟ್ಕೊಂಡು ನಿಂತಿದಾಳೆ ಹುಡುಗಿ. ತುಂಬಾ ಹೊತ್ತಾದ್ಮೇಲೆ ಬಾಗ್ಲು ತಟ್ಟಿ ತೆಗೆದ್ಲು. ಎಲೆ ಮಡಚಿತ್ತು. ಅದ್ರ ಮೇಲೆ ಚೊಂಬು ಇತ್ತು. ಕೃಷ್ಣಪ್ಪ ಗೋಡೆಗೆ ಒರಗಿ ಬೀಡಿ ಹಚ್ಚಿದ್ದ.

"ಅವತ್ತಿಂದ ಅವ್ನ ಊಟ ಹಂಗೇ. ದಿನಾ ಎಡೆ, ದಿನಾ ಕಾಯಿ. ಬಾಗ್ಲು ಮುಚ್ಚಿದ್ರೆ ಉಣ್ತಾನೆ, ಯಾರಾದ್ರೂ ನೋಡ್ತಾ ಇದ್ರೆ ಇಳಿಯಲ್ಲ. ಸೊಸೆ ಮತ್ತೆ ಬಳೆ ತೊಡಬೋದಾ ಅಂತ ನಮ್ಮತ್ತೆ ಊರ ಹಿರಿಯೋರನ್ನ ಕೇಳಿದ್ರು. ಗಂಡ ಕಣ್ಣೆದುರಿಗೆ ಕೂತಿದಾನೆ, ಅವ್ನ ಎಡೆಯೂ ಆಗಿದೆ. ಯಾರು ಏನಂತ ಹೇಳ್ತಾರೆ? ತಲೆ ಕೆರ್ಕೊಂಡು ಎದ್ದು ಹೋದ್ರು. ಅವ್ಳೇ ಒಂದು ದಾರಿ ಮಾಡ್ಕೊಂಡ್ಲು. ಎಲೆ ತಗೊಂಡು ರೂಮಿಗೆ ಹೋಗೋವಾಗ ಬಳೆ ಹಾಕ್ಕೊಳೋಳು, ಹೊರಗೆ ಬಂದು ತೆಗೆದು ಗೂಡಲ್ಲಿ ಇಡೋಳು. ಸಾಯೋ ತನಕ ಹಂಗೇ ಬದುಕಿದ್ಲು. ಆ ಬಳೆ ಸದ್ದು ನೆನಸ್ಕೊಂಡ್ರೆ ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ ಕಣವ್ವಾ."

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಕುಸುಮಾ ಉಂಡೆ ಕಟ್ಟುವುದನ್ನು ನಿಲ್ಲಿಸಿದ್ದಳು. ಅವಳಿಗೆ ಈಗ ಒಂದು ಬಗೆಯ ಹಗುರ ಎನಿಸುತ್ತಿತ್ತು. ಉತ್ತರ ಸಿಕ್ಕಿತಲ್ಲ. ಅಪ್ಪನಿಗೆ ಎಲೆ ಹಾಕಬಾರದು, ಅಷ್ಟೇ. ಬದುಕಿದ್ದರೆ ಯಾರಾದರೂ ಒಂದು ತುತ್ತು ಕೊಡುತ್ತಾರೆ, ಅದು ಅವರ ಗಂಟಲಲ್ಲಿ ಇಳಿಯಲಿ. ಚಿಕ್ಕಪ್ಪನಿಗೆ ಬೇಡವೆಂದು ಹೇಳಲು ಅವಳು ಫೋನ್ ಕೈಗೆತ್ತಿಕೊಂಡಳು.

"ಅಕ್ಕಾ," ಎಂದಳು ತನ್ಮಯಿ.

ಅವಳ ಸೌಟುಗಳ ನಡುವೆ ಒಂದು ಕಜ್ಜಾಯ ಒತ್ತಿಸಿಕೊಂಡು ಪುಡಿಯಾಗಿತ್ತು.

"ಅಕ್ಕಾ, ಬೈಬೇಡ. ಹೋದ್ವರ್ಷ ಅಪ್ಪ ನಮ್ಮನೇಲಿ ದೊಡ್ಡಪ್ಪಂಗೆ ಎಲೆ ಹಾಕಿದ್ರು. ನಿಂಗೆ ಬೇಜಾರಾಗುತ್ತೆ ಹೇಳ್ಬೇಡಿ ಅಂದಿದ್ರು. ಅಣ್ಣ ಹಸ್ಕೊಂಡಿರ್ತಾನೆ ಅಂತ ಅಪ್ಪ ಅಳ್ತಿದ್ರು ಅಕ್ಕಾ, ನಮಗೂ ಬೇಡ ಅನ್ನಕ್ಕಾಗ್ಲಿಲ್ಲ."



"ಎಲೆ?" ಎಂದಳು ಕುಸುಮಾ.

"ಖಾಲಿ ಆಗಿತ್ತು. ಅಮ್ಮ ಬೆಕ್ಕು ಇರ್ಬೇಕು ಅಂದ್ರು... ಕಿಟಕಿ, ಬಾಗ್ಲು ಎಲ್ಲ ಮುಚ್ಚಿತ್ತು ಅಕ್ಕಾ."

ಕುಸುಮಾ ಫೋನ್ ಕೆಳಗಿಟ್ಟಳು. ಹೋದ ವರ್ಷದ ಅಮಾವಾಸ್ಯೆಯಿಂದ ಈ ಅಮಾವಾಸ್ಯೆಯ ತನಕ ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ಯಾವುದೋ ಬಸ್‌ಸ್ಟ್ಯಾಂಡು, ಯಾವುದೋ ದೇವಸ್ಥಾನದ ಮೆಟ್ಟಿಲು, ಯಾರೋ ಕೈಗಿಟ್ಟ ಬನ್ನು. ಅಪ್ಪ ಅದನ್ನು ಬಾಯಿಗಿಟ್ಟು ಅಗಿಯುತ್ತಿದ್ದಾರೆ. ಅಗಿಯುತ್ತಲೇ ಇದ್ದಾರೆ. ಮನೆಯ ದಾರಿ ಕೃಷ್ಣಪ್ಪನಿಗೆ ನೆನಪಿತ್ತು. ಅಪ್ಪನಿಗೆ ಅದೂ ಇಲ್ಲ. ಅಳು ನಿಂತ ಮೇಲೆ ಮೊದಲ ಸಲ ಕುಸುಮಾಳ ಎದೆಯಲ್ಲಿ ನೋವು ಎದ್ದಿತು, ಅದು ನಿಜವಾದ, ಮೈಗೆ ತಾಗುವ ನೋವು.

ಇನ್ನು ಅಪ್ಪನಿಗೆ ಇಳಿಯುವುದು ಎಡೆಯ ಅನ್ನ ಮಾತ್ರ. ನಾಳೆಯ ತನಕ ಕಾಯುವುದು ಅವಳಿಂದ ಆಗಲಿಲ್ಲ. ಎದ್ದಳು. ಅಪ್ಪನ ರೂಮಿನ ನೆಲ ಒರೆಸಿ ಬಾಳೆಲೆ ಹಾಕಿದಳು. ಮಧ್ಯಾಹ್ನದ ಅನ್ನವನ್ನೇ ಬಿಸಿ ಮಾಡಿ ಬಡಿಸಿದಳು, ಬೇಳೆ ಸಾರು ಹಾಕಿದಳು, ಕಜ್ಜಾಯ ಇಟ್ಟಳು. ಮೇಧಾ ಯಾರೂ ಹೇಳದೆಯೇ ಊದುಬತ್ತಿ ಹಚ್ಚಿಕೊಟ್ಟಳು. ತನ್ಮಯಿ ಕಾಯಿ ತಂದುಕೊಟ್ಟಳು. ಕಾಯಿ ಒಡೆದು, ಖಾಲಿ ಮಂಚದ ಕಡೆಗೆ ಕೈಮುಗಿದು, "ಊಟ ಮಾಡಪ್ಪ" ಎಂದು ಹೇಳಿ ಕುಸುಮಾ ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ನಾಲ್ವರೂ ಮುಚ್ಚಿದ ಬಾಗಿಲಿನ ಮುಂದೆ ಕೂತರು. ಯಾರೂ ಮಾತಾಡಲಿಲ್ಲ. ಚಾರ್ಜರ್ ಲೈಟಿನ ಬೆಳಕು ಸಣ್ಣದಾಗುತ್ತ ಬಂತು. ಸ್ವಲ್ಪ ಹೊತ್ತಾದ ಮೇಲೆ ತಡೆಯಲಾರದೆ ಕುಸುಮಾ ಎದ್ದು ಬಾಗಿಲು ತಟ್ಟಲು ಕೈ ಎತ್ತಿದಳು. ಹನುಮಕ್ಕಜ್ಜಿ ಆ ಕೈಯನ್ನು ಹಿಡಿದುಕೊಂಡಳು.

"ತಡಿ," ಎಂದಳು ಮೆಲ್ಲಗೆ. "ವರ್ಷದ ಹಸಿವು ಕಣವ್ವಾ... ನಿಧಾನಕ್ಕೆ ಉಣ್ಲಿ. ಮೊದಮೊದ್ಲು ನಮ್ಮ ಕೃಷ್ಣಪ್ಪನೂ ಹಂಗೇ ಬಾಳ ಹೊತ್ತು ಮಾಡೋನು. ಈಗ ಪರವಾಗಿಲ್ಲ, ಬೇಗ ಮುಗಿಸ್ತಾನೆ. ನಮ್ಮತ್ತೆ ಹೋದ್ರು, ಯಜಮಾನ್ರು ಹೋದ್ರು, ವೆಂಕಟಲಕ್ಷ್ಮಮ್ಮನೂ ಹೋದ್ಲು. ಅವ್ನು ಹೋಗೋದೆಲ್ಲಿಗೆ? ಹೋಗಿಯಾಗಿದೆ ಅಂತ ಎಲೆ ಹಾಕಿ ನಾವೇ ಬರೆದುಕೊಟ್ವಲ್ಲ... ತಲೇಲಿ ಒಂದು ಬಿಳಿ ಕೂದ್ಲಿಲ್ಲ ನೋಡು ಇನ್ನೂ." ಕಿಟಕಿಯಾಚೆ ಮಳೆ ಎಷ್ಟು ಇಳಿದಿದೆ ಎಂದು ಕಿವಿಗೊಟ್ಟು ಕೇಳಿದಳು. "ಹನಿ ನಿಂತ್ರೆ ನಂಗೊಂದು ಆಟೋ ಹಿಡಿದ್ಕೊಡ್ರೇ. ಬೆಳಿಗ್ಗೆ ಬಡಿಸಿ ಬಾಗ್ಲು ಮುಚ್ಚಿ ಬಂದೋಳು ನಾನು, ಇಷ್ಟೊತ್ತಿಗೆ ಬೀಡಿ ಎಲ್ಲಾ ಮುಗಿಸಿ ಕೂತಿರ್ತಾನೆ. ಹೊರಗಿಂದ ತೆಗೆಯೋರು ಮನೇಲಿ ನನ್ನ ಬಿಟ್ರೆ ಇನ್ಯಾರಿದಾರೆ?"